ಲಕ್ಷಣವೇ ಇಲ್ಲದ ಮಗುವಿಗೂ ಜಂತುಹುಳುವಿನ ಮಾತ್ರೆ ಏಕೆ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ನಾಲ್ಕನೇ ತರಗತಿಯ ಮಗಳಿಗೆ ಜಂತುಹುಳುವಿನ ಮಾತ್ರೆ ಕೊಡುವುದಾಗಿ ಶಾಲೆಯಿಂದ ಚೀಟಿ ಬಂದಿದೆ. ಮಲ ಪರೀಕ್ಷೆ ಮಾಡಿಸದೆ, ಪೇಟೆಯಲ್ಲಿ ಬೆಳೆಯುವ ಮಕ್ಕಳಿಗೂ ಇದನ್ನು ಕೊಡುವುದು ಸರಿಯೇ?

ಉತ್ತರ: ಸರಿ, ಅಗತ್ಯವಾಗಿ ಕೊಡಿಸಿ. ಹುಳುಗಳು ಕಡಿಮೆಯಿರುವಾಗ ಮಗುವಿನಲ್ಲಿ ಲಕ್ಷಣಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಒಂದು ಹೆಣ್ಣು ದುಂಡುಹುಳು ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆಯಿಡಬಲ್ಲದು; ಅವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ತೊಳೆಯದ ತರಕಾರಿ ಮತ್ತು ಕೈಬೆರಳುಗಳ ಮೂಲಕ ಮತ್ತೊಂದು ಮಗುವಿನ ಹೊಟ್ಟೆ ಸೇರುತ್ತವೆ. ಒಬ್ಬೊಬ್ಬರ ಮಲ ಪರೀಕ್ಷೆಗೆ ತಗಲುವ ಖರ್ಚು ಮಾತ್ರೆಯ ಬೆಲೆಗಿಂತ ಎಷ್ಟೋ ಹೆಚ್ಚು. ಆದ್ದರಿಂದಲೇ 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರೆಗಿನ ಎಲ್ಲರಿಗೂ ಅಲ್ಬೆಂಡಜೋಲ್ ಕೊಡಲಾಗುತ್ತದೆ.

ಆದರೆ ಈ ಕಾರ್ಯಕ್ರಮ ಹೆಚ್ಚು ಸೋಲುವುದು ಪೇಟೆಯಲ್ಲೇ. ಹಳ್ಳಿಯ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂಬುದು ಬಾಯಿಪಾಠವಾಗಿರುತ್ತದೆ. ಇಲ್ಲಿ ಬಾಡಿಗೆದಾರರು ಬದಲಾಗುತ್ತಲೇ ಇರುತ್ತಾರೆ, ಹಗಲಿನಲ್ಲಿ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ನಸುಕಿನಲ್ಲೇ ಹೊರಡುವ ತಂದೆತಾಯಿಯರ, ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಉಳಿದವರ ಮಕ್ಕಳ ಹೆಸರು ಕೆಲವೊಮ್ಮೆ ಶಾಲೆಯ ಹಾಜರಿಯಲ್ಲೂ ಇಲ್ಲ, ಅಂಗನವಾಡಿಯ ಪಟ್ಟಿಯಲ್ಲೂ ಇಲ್ಲ. ಸರಿಯಾದ ಶೌಚಾಲಯವಿಲ್ಲದೆ, ಬರಿಗಾಲಿನಲ್ಲಿ ಆಡುವ ಈ ಮಕ್ಕಳಿಗೇ ಅಪಾಯ ಹೆಚ್ಚು. ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮ ಕೊರೆದೇ ಒಳಹೊಗುತ್ತವೆ. ನನ್ನನ್ನು ಹೆಚ್ಚು ಕಾಡುವುದು ಇವರ ಪ್ರಶ್ನೆಯೇ.

ಇದಲ್ಲದೆ, ಹಂಚಿದ ಮಾತ್ರೆಗಳ ಲೆಕ್ಕ ಬೇರೆ, ನುಂಗಿದ ಮಾತ್ರೆಗಳ ಲೆಕ್ಕ ಬೇರೆ. ಕಲಬುರಗಿ, ರಾಯಚೂರು ಕಡೆಗಳಲ್ಲಿ ಆನೆಕಾಲು ರೋಗದ ಸಾಮೂಹಿಕ ಔಷಧಿ ಸೇವನೆಯಲ್ಲಿ ಕಾರ್ಯಕರ್ತೆಯ ಎದುರೇ ಮಾತ್ರೆ ನುಂಗಿಸಬೇಕೆಂಬ ಸೂಚನೆ ಇರುವುದು ಇದಕ್ಕಾಗಿಯೇ. ಆ ರೋಗದ ಪ್ರಸಾರ ತಗ್ಗಬೇಕಾದರೆ ಒಟ್ಟು ಜನಸಂಖ್ಯೆಯ ಕನಿಷ್ಠ ಶೇ. 65ರಷ್ಟು ಮಂದಿ ನಿಜಕ್ಕೂ ಔಷಧಿ ಸೇವಿಸಿರಬೇಕು. ಹಾಗಾಗಿ ಶಾಲೆಯವರು ಮಾತ್ರೆಯನ್ನು ಮನೆಗೆ ಕಳುಹಿಸುವುದಾದರೆ ಬೇಡವೆನ್ನಿ, ತರಗತಿಯಲ್ಲೇ ಕೊಡಲು ಕೇಳಿಕೊಳ್ಳಿ.

ನಿಮ್ಮ ಮಗಳು 400 ಮಿಲಿಗ್ರಾಂನ ಇಡೀ ಮಾತ್ರೆಯನ್ನು ಅಗಿದು ನುಂಗಬೇಕು. ಆಮೇಲೆ ತುಸು ಹೊಟ್ಟೆನೋವು ಅಥವಾ ವಾಕರಿಕೆ ಬಂದರೂ ಸಾಮಾನ್ಯವಾಗಿ ಬೇಗ ಶಮನವಾಗುತ್ತದೆ. ಅಂದು ಜ್ವರವಿದ್ದರೆ ಕೊಡಿಸಬೇಡಿ, ತಪ್ಪಿಸಿಕೊಂಡವರಿಗಾಗಿ ಕೆಲವು ದಿನಗಳ ನಂತರ ಮಾಪ್-ಅಪ್ ದಿನ ಇರುತ್ತದೆ. ನಿಮ್ಮ ಬಡಾವಣೆಯಲ್ಲಿ ಶಾಲೆಗೆ ಹೋಗದ ಮಕ್ಕಳಿದ್ದರೆ, ಅವರಿಗೆ ಅಂಗನವಾಡಿಯಲ್ಲಿ ಇದೇ ಮಾತ್ರೆ ಉಚಿತವಾಗಿ ಸಿಗುತ್ತದೆಂದು ಅವರ ತಾಯಂದಿರಿಗೆ ದಯವಿಟ್ಟು ತಿಳಿಸಿ.