ಮಾಸ್ಟರ್ ಚಾರ್ಟಿನಲ್ಲಿ ಖಾಲಿ ಉಳಿದ ಕಾಲಂ

ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ವರದಿಯಾಯಿತು. ಎರಡು ತಿಂಗಳ ನಂತರ, ಮೇ 22ರಂದು, ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. 671 ಆಸ್ಪತ್ರೆಗಳ 96 ಸಾವಿರ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧ ಪಡೆದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು ಎಂಬುದು ಅದರ ಸಾರ. ಮೂರೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನು ತಡೆಹಿಡಿಯಿತು. ಆದರೆ ಸ್ವತಂತ್ರ ತಜ್ಞರು ಮೂಲ ದಾಖಲೆ ಕೇಳಿದಾಗ, ಅಂಕಿ-ಅಂಶ ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ಅದನ್ನು ಕೊಡಲಿಲ್ಲ. ಜೂನ್ 4ರಂದು ಪ್ರಬಂಧವನ್ನು ಹಿಂಪಡೆಯಲಾಯಿತು. ಆ ಔಷಧ ಕೋವಿಡ್‌ಗೆ ಪ್ರಯೋಜನವಿಲ್ಲವೆಂದು ಮುಂದೆ ದೊಡ್ಡ ಪ್ರಯೋಗಗಳು ತೋರಿಸಿದವು ನಿಜ. ಹಾಗೆಂದು, ಯಾರೂ ನೋಡಲಾಗದ ದಾಖಲೆಗಳಿಂದ ಬಂದ ಉತ್ತರವನ್ನು ವಿಜ್ಞಾನವೆಂದು ಒಪ್ಪಲಾಗದು.

ಮೂಲ ದಾಖಲೆಯ ಪ್ರಶ್ನೆ ನಮ್ಮ ಕಲಬುರಗಿ ಭಾಗದ ವೈದ್ಯಕೀಯ ಕಾಲೇಜುಗಳಿಗೂ ಅಷ್ಟೇ ಸಂಬಂಧಿಸಿದ್ದು. ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಥೀಸಿಸ್ ಬರೆಯಬೇಕು. ಸಿನಾಪ್ಸಿಸ್‌ಗೆ, ಅಂದರೆ ಅಧ್ಯಯನದ ರೂಪರೇಖೆಗೆ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕ ಮೇಲೆ ನಿಜವಾದ ಕೆಲಸ ಓಪಿಡಿಯಲ್ಲಿ ಶುರುವಾಗುತ್ತದೆ. ಚಿಂಚೋಳಿ ಕಡೆಯ ತಾಂಡಾದಿಂದ ಬಂದ, ಓದು ಬಾರದ ಮಹಿಳೆಯೊಬ್ಬರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ಕನ್ನಡದ ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಅಧ್ಯಯನ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರಿನಲ್ಲಿ, ಆ ಮಹಿಳೆಗೆ ತಿಳಿಯುವ ಲಂಬಾಣಿಯಲ್ಲಿಯೇ ಎಲ್ಲವನ್ನೂ ಹೇಳಬೇಕು. ‘ನೀವು ಒಲ್ಲೆ ಎಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ’ ಎಂಬ ಮಾತು ಅದರಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಇಲ್ಲವೆನ್ನಲು ಬಡವರಿಗೆ ಧೈರ್ಯ ಬರುವುದೇ ಕಷ್ಟ. ಔಷಧ ಪ್ರಯೋಗಗಳಿಗೆ ಅನುಮತಿ ನೀಡುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟು ಮಂದಿ ಸಂಸ್ಥೆಯ ಹೊರಗಿನವರಾಗಿರಬೇಕು, ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು ಎಂದು 2019ರ ನಿಯಮಗಳು ಹೇಳುತ್ತವೆ. ಆ ಸಾಮಾನ್ಯ ವ್ಯಕ್ತಿ ಬಾಯಿ ಬಿಟ್ಟು ಕೇಳುವವರಾಗಿದ್ದರೆ ಮಾತ್ರ ಈ ನಿಯಮಕ್ಕೆ ಅರ್ಥ.

ರೋಗಿಗಳ ವಿವರಗಳೆಲ್ಲ ಕೊನೆಗೆ ಮಾಸ್ಟರ್ ಚಾರ್ಟಿಗೆ ಬರುತ್ತವೆ: ಒಬ್ಬ ರೋಗಿಗೆ ಒಂದು ಸಾಲು, ಒಂದೊಂದು ಭೇಟಿಗೆ ಒಂದೊಂದು ಕಾಲಂ. ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವುದರಿಂದ ಮೂರನೆಯ ತಿಂಗಳ ಕಾಲಂ ಖಾಲಿ ಉಳಿಯುತ್ತದೆ. ಥೀಸಿಸ್ ಸಲ್ಲಿಸುವ ದಿನ ಹತ್ತಿರವಾದಂತೆ ಆ ಜಾಗದಲ್ಲಿ 130/80 ಎಂದು ರಕ್ತದೊತ್ತಡದ ಅಂಕಿ ಬರೆದುಬಿಡುವ ಆಸೆ ಹುಟ್ಟುತ್ತದೆ. ಮನಸ್ಸಿನಿಂದ ಹುಟ್ಟಿಸಿದ ಅಂಕಿಗಳು ಮನುಷ್ಯರ ದೇಹದಿಂದ ಬಂದ ಅಂಕಿಗಳಷ್ಟು ಏರುಪೇರಾಗಿರುವುದು ಅಪರೂಪ. ಅವುಗಳಲ್ಲಿ ಒಪ್ಪ ಹೆಚ್ಚು. ಜಪಾನಿನ ಅರಿವಳಿಕೆ ತಜ್ಞ ಯೋಶಿತಾಕಾ ಫುಜಿಯ 168 ಪ್ರಯೋಗಗಳನ್ನು ಬ್ರಿಟನ್ನಿನ ವೈದ್ಯ ಜಾನ್ ಕಾರ್ಲೈಲ್ 2012ರಲ್ಲಿ ಸಂಖ್ಯಾಶಾಸ್ತ್ರದ ಮೂಲಕ ಪರೀಕ್ಷಿಸಿ, ಅವುಗಳಲ್ಲಿನ ಅಂಕಿಗಳ ಅಂಥ ಹಂಚಿಕೆ ಆಕಸ್ಮಿಕವಾಗಿ ಬರುವುದು ತೀರಾ ಅಸಂಭವವೆಂದು ತೋರಿಸಿದರು. ಫುಜಿಯ 170ಕ್ಕೂ ಹೆಚ್ಚು ಪ್ರಬಂಧಗಳಲ್ಲಿ ಕಟ್ಟುಕಥೆಯ ಅಂಕಿಗಳಿದ್ದವೆಂದು ತನಿಖೆಯಲ್ಲಿ ಗೊತ್ತಾಯಿತು. ಅವು ಶಸ್ತ್ರಚಿಕಿತ್ಸೆಯ ನಂತರದ ವಾಂತಿಯನ್ನು ತಡೆಯುವಂಥ ನಿತ್ಯ ಬಳಕೆಯ ಔಷಧಗಳನ್ನು ಕುರಿತವು.

ಬಡ್ತಿಗೆ ಪ್ರಕಟಣೆ ಕಡ್ಡಾಯವಾದ ಮೇಲೆ ಹಣ ಪಡೆದು, ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡಿವೆ. ಇದಕ್ಕೆ ಯುವ ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. ಒಳ್ಳೆಯ ಜರ್ನಲ್‌ಗಳೂ ‘ಔಷಧ ಫಲಿಸಲಿಲ್ಲ’ ಎನ್ನುವ ಪ್ರಬಂಧಕ್ಕೆ ಸುಲಭವಾಗಿ ಜಾಗ ಕೊಡುವುದಿಲ್ಲ. ಹೀಗಾಗಿ ಫಲಿಸದ ಔಷಧವನ್ನೇ ಇನ್ನೊಂದು ಊರಿನಲ್ಲಿ ಮತ್ತೆ ರೋಗಿಗಳ ಮೇಲೆ ಪ್ರಯೋಗಿಸಲಾಗುತ್ತದೆ. ಭಾರತದಲ್ಲಿ ಔಷಧ ಪ್ರಯೋಗಗಳನ್ನು ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯವಾಗಿದೆ. ಏನನ್ನು ಅಳೆಯುತ್ತೇವೆಂದು ಮೊದಲೇ ಬರೆದಿಟ್ಟಿದ್ದರೆ, ಫಲಿತಾಂಶ ನೋಡಿಕೊಂಡು ಪ್ರಶ್ನೆಯನ್ನೇ ಬದಲಿಸುವವರು ಸಿಕ್ಕಿಬೀಳುತ್ತಾರೆ.

ಕಾಲೇಜಿನೊಳಗೆ ಆಗಬೇಕಾದ ಕೆಲಸ ಇದಕ್ಕಿಂತ ಸರಳ. ನೂರು ರೋಗಿಗಳಲ್ಲಿ ಮೂವತ್ತು ಮಂದಿ ಮರಳಿ ಬರಲಿಲ್ಲ, ಬಹುತೇಕರು ಗುಳೆ ಹೋಗಿದ್ದರು ಎಂದು ಥೀಸಿಸ್‌ನಲ್ಲಿ ಬರೆದ ವಿದ್ಯಾರ್ಥಿಯನ್ನು ಪರೀಕ್ಷಕರು ಆ ಕಾರಣಕ್ಕೆ ಫೇಲು ಮಾಡಬಾರದು. ಈ ಭಾಗದಲ್ಲಿ ಚಿಕಿತ್ಸೆ ಎಲ್ಲಿ ತಪ್ಪಿಹೋಗುತ್ತದೆ ಎಂಬುದಕ್ಕೆ ಆ ಮೂವತ್ತೇ ಒಂದು ಮಾಹಿತಿ. ಗೈಡ್ ಆದವರು ಸಹಿ ಹಾಕುವ ಮುನ್ನ ರೋಗಿಗಳ ಮೂಲ ದಾಖಲೆಯಾದ ಕೇಸ್ ಶೀಟ್‌ಗಳಲ್ಲಿ ಹತ್ತನ್ನು ತರಿಸಿ, ಮಾಸ್ಟರ್ ಚಾರ್ಟಿನ ಸಾಲುಗಳ ಜೊತೆ ತಾಳೆ ನೋಡಬೇಕು. ಕಲಬುರಗಿಯಾಗಲಿ, ಬೀದರ್, ಯಾದಗಿರಿಯಾಗಲಿ, ಇದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ. ಒಂದು ಮಧ್ಯಾಹ್ನದ ಬಿಡುವು ಸಾಕು.