ಮಸ್ಟ್, ಹ್ಯಾವ್ ಟು, ಶುಡ್: ಮೂರಕ್ಕೂ ‘ಬೇಕು’ ಸಾಕೇ?

ಒಂದು ಕೆಲಸ ಮಾಡಲೇಬೇಕು ಅಥವಾ ಮಾಡಿದರೆ ಒಳ್ಳೆಯದು ಎಂದು ಹೇಳಲು ಇಂಗ್ಲಿಷ್‌ನಲ್ಲಿ ಮಸ್ಟ್, ಹ್ಯಾವ್ ಟು, ಶುಡ್ ಬಳಸುತ್ತಾರೆ. ಮಸ್ಟ್, ಶುಡ್ ಎರಡೂ ‘ಮೋಡಲ್’ ಕ್ರಿಯಾಪದಗಳು, ಅಂದರೆ ಮುಖ್ಯ ಕ್ರಿಯಾಪದದ ಜೊತೆ ಸೇರಿ ಕಡ್ಡಾಯ, ಸಲಹೆ, ಊಹೆಯಂಥ ಅರ್ಥ ಕೊಡುವ ಸಹಾಯಕ ಪದಗಳು. ಹ್ಯಾವ್ ಟು ವ್ಯಾಕರಣದ ಲೆಕ್ಕದಲ್ಲಿ ಪೂರ್ತಿ ಮೋಡಲ್ ಅಲ್ಲ, ಮಾಡುವ ಕೆಲಸ ಮಾತ್ರ ಅದೇ.

ಮಸ್ಟ್‌ನಲ್ಲಿ ಸಾಮಾನ್ಯವಾಗಿ ಹೇಳುವವರದೇ ಒತ್ತಾಯ ಇರುತ್ತದೆ. ಹ್ಯಾವ್ ಟು ಎಂದರೆ ಹೊರಗಿನ ನಿಯಮವೋ ಪರಿಸ್ಥಿತಿಯೋ ಹಾಗೆ ಮಾಡಿಸುತ್ತಿದೆ ಎಂದರ್ಥ. ಆದರೆ ಈ ಗೆರೆ ಅಷ್ಟೇನೂ ಗಟ್ಟಿಯಲ್ಲ. ಮಾತಿನಲ್ಲಿ ಹ್ಯಾವ್ ಟು ಜಾಸ್ತಿ, ಸೂಚನಾ ಫಲಕಗಳಲ್ಲಿ ಮಸ್ಟ್ ಜಾಸ್ತಿ. ಶುಡ್ ಬರೀ ಸಲಹೆ. 1997ರಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ಇಂಟರ್ನೆಟ್ ದಾಖಲೆ ಈ ವ್ಯತ್ಯಾಸವನ್ನು ನಿಯಮವಾಗಿಯೇ ಬರೆದಿಟ್ಟಿದೆ: ಮಸ್ಟ್ ಎಂದರೆ ಬಿಡುವಂತೆಯೇ ಇಲ್ಲ, ಶುಡ್ ಎಂದರೆ ಸರಿಯಾದ ಕಾರಣವಿದ್ದರೆ ಪರಿಣಾಮವನ್ನೆಲ್ಲ ಯೋಚಿಸಿ ಬಿಡಬಹುದು.

ಇಷ್ಟರಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಮಾತು ನಡೆಯುತ್ತದೆ. ನಿಜವಾಗಿ ಎಚ್ಚರ ಬೇಕಾಗಿರುವುದು ‘ನಾಟ್’ ಸೇರಿದಾಗ. ಮಾತ್ರೆಯ ಚೀಟಿಯಲ್ಲಿ ‘ಯು ಮಸ್ಟ್ ನಾಟ್ ಟೇಕ್ ದಿಸ್ ವಿತ್ ಮಿಲ್ಕ್’ ಎಂದಿದ್ದರೆ ಹಾಲಿನ ಜೊತೆ ತೆಗೆದುಕೊಳ್ಳಲೇಬಾರದು. ‘ಯು ಡೋಂಟ್ ಹ್ಯಾವ್ ಟು’ ಎಂದಿದ್ದರೆ ಹಾಲು ಬೇಕಾಗಿಲ್ಲ, ಕುಡಿದರೂ ತೊಂದರೆಯಿಲ್ಲ. ಮೊದಲನೆಯದು ನಿಷೇಧ, ಎರಡನೆಯದು ವಿನಾಯಿತಿ. ಮಸ್ಟ್, ಹ್ಯಾವ್ ಟು ಎರಡೂ ಒಂದೇ ಎಂದು ಬಾಯಿಪಾಠ ಮಾಡಿಸುವುದು ಅದಕ್ಕೇ ಸರಿಯಲ್ಲ. ‘ಬಾರದು’, ‘ಬೇಕಾಗಿಲ್ಲ’ ಎಂಬ ಜೋಡಿ ನಮ್ಮಲ್ಲೇ ಇದೆ, ಅಲ್ವಾ? ಮೊದಲು ಕನ್ನಡದಲ್ಲಿ ಯಾವುದು ಹೊಂದುತ್ತದೆ ಎಂದು ನೋಡಿಕೊಂಡರೆ ಇಂಗ್ಲಿಷ್‌ನಲ್ಲಿ ತಪ್ಪುವುದಿಲ್ಲ.

ಆಗಿಹೋದ ಸಂಗತಿ ಹೇಳುವಾಗಲೂ ಇದೇ ಉಪಾಯ ಕೈಹಿಡಿಯುತ್ತದೆ. ‘ನಿನ್ನೆ ಹೋಗಬೇಕಾಯಿತು’ ಎನ್ನಲು ಸುಮ್ನೆ ಮಸ್ಟ್ ಹಾಕಿದರೆ ಆಗುವುದಿಲ್ಲ, ಅದಕ್ಕೆ ಭೂತಕಾಲದ ರೂಪವೇ ಇಲ್ಲ. ‘ಐ ಹ್ಯಾಡ್ ಟು ಗೋ’ ಎನ್ನಬೇಕು; ಅಂದರೆ ಹೋದದ್ದಾಯಿತು. ‘ಐ ಶುಡ್ ಹ್ಯಾವ್ ಗಾನ್’ ಎಂದರೆ ಹೋಗಬೇಕಿತ್ತು, ಆದರೆ ಹೋಗಲಿಲ್ಲ. ‘ಹಿ ಮಸ್ಟ್ ಹ್ಯಾವ್ ಗಾನ್’ ಎಂಬಲ್ಲಿ ಬಲವಂತವೇ ಇಲ್ಲ, ಅದು ಊಹೆ: ಅವನು ಹೋಗಿರಬೇಕು. ಇಲ್ಲಿ ನಮ್ಮ ‘ಬೇಕು’ ಕೂಡ ಮಸ್ಟ್‌ನಂತೆಯೇ ಅರ್ಥ ಬದಲಿಸುತ್ತದೆ.