ಐ7 ಸರಿ, ಯಾವ ಕಾಲದ ಐ7?

ಪಿಯುಸಿ ರಿಸಲ್ಟ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. "ಮಗನಿಗೆ ಗೇಮಿಂಗ್ ಪಿಸಿ ಬೇಕಂತೆ ಸರ್. ಐ7 ಹಾಕಿಕೊಡಿ. ನಲವತ್ತೈದು, ಹೆಚ್ಚೆಂದರೆ ಐವತ್ತು ಸಾವಿರ." ಯಾವ ಆಟ ಆಡ್ತಾನೆ, ಮಾನಿಟರ್ ಇದೆಯಾ ಎಂದು ಕೇಳಿದರೆ, "ಅದೆಲ್ಲ ಗೊತ್ತಿಲ್ಲ, ಐ7 ಮಾತ್ರ ಇರಲೇಬೇಕು." ಮಗ ಪಕ್ಕದಲ್ಲೇ ನಿಂತು ಹೇಳಿಕೊಡುತ್ತಿರುವುದೂ ಕೇಳಿಸುತ್ತದೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸ ಮಾಡುವ ನಮಗೆಲ್ಲ ಐ7 ಎಂಬ ಎರಡಕ್ಷರ ಒಂದು ತಲೆನೋವಾಗಿಬಿಟ್ಟಿದೆ. ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪೇ ಪ್ರೊಸೆಸರ್. ಐ3, ಐ5, ಐ7 ಎನ್ನುವುದು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಿಗೆ ಆಯಾ ವರ್ಷದ ಮಾಲಿನೊಳಗೆ ಕೊಟ್ಟ ದರ್ಜೆ ಮಾತ್ರ. ಒಂದು ವರ್ಷದ ಐ7 ಇನ್ನೊಂದು ವರ್ಷದ ಐ3ಗಿಂತ ಮೇಲೆ ಎಂದು ಅದು ಹೇಳುವುದಿಲ್ಲ. ಹೇಳುವುದು ಅದರ ಮುಂದಿನ ಸಂಖ್ಯೆ. ಐ7-3770ರಲ್ಲಿ ಮೊದಲ ಅಂಕಿ 3, ಅಂದರೆ ಮೂರನೇ ಜನರೇಶನ್, ಬಂದದ್ದು 2012ರಲ್ಲಿ. ಐ3-12100ಎಫ್ ಎಂದರೆ ಹನ್ನೆರಡನೇ ಜನರೇಶನ್, ಬಂದದ್ದು 2022ರಲ್ಲಿ. ಎರಡರಲ್ಲೂ ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗ), ಎಂಟು ಥ್ರೆಡ್ (ಒಮ್ಮೆಗೆ ಹಿಡಿಯುವ ಕೆಲಸದ ಎಳೆ). ಆದರೆ ಒಂದೊಂದೇ ಕೋರಿನ ಕೆಲಸ ನೋಡಿದರೆ ಈ 'ಬಡ' ಐ3, ಆ 'ಶ್ರೀಮಂತ' ಐ7ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಓಡುತ್ತದೆ. ಆಟಗಳಿಗೆ ಬೇಕಾದದ್ದು ಮುಖ್ಯವಾಗಿ ಆ ಓಟವೇ.

ಎಸ್.ಪಿ. ರೋಡಿನಲ್ಲಿ ಈಗಲೂ ಧಾರಾಳವಾಗಿ ಬಿಕರಿಯಾಗುವ 'ಐ7 ಸೆಟ್'ಗಳಲ್ಲಿ ಬಹುಪಾಲು ಆ ಹಳೆಯ ಕಾಲದವು. ಕಚೇರಿಗಳು ಹೊರಹಾಕಿದ ಯಂತ್ರಗಳಿಂದ ಪ್ರೊಸೆಸರ್ ಬಿಚ್ಚಿ, ಹೊಸದಾಗಿ ತಯಾರಾಗಿ ಬರುವ ಹಳೆ ವಿನ್ಯಾಸದ ಎಚ್61 ಮದರ್‌ಬೋರ್ಡಿಗೆ (ಎಲ್ಲ ಭಾಗಗಳೂ ಕೂರುವ ಹಲಗೆ) ಕೂರಿಸಿ, ಬಣ್ಣದ ಫ್ಯಾನ್ ತಿರುಗುವ ಗಾಜಿನ ಕ್ಯಾಬಿನೆಟ್ಟಿಗೆ ಹಾಕಿದರೆ ನೋಡಲು ಥಳಥಳ. ಇದನ್ನು ಮೋಸ ಎಂದು ನಾನು ಹೇಳುವುದಿಲ್ಲ. ಚಿಕ್ಕಪೇಟೆಯ ಅಂಗಡಿಯಲ್ಲಿ ಬಿಲ್ ಹೊಡೆಯಲು, ಮಕ್ಕಳ ಆನ್‌ಲೈನ್ ಪಾಠಕ್ಕೆ ಅದು ಇನ್ನೂ ಸಾಕು. ಆಟಕ್ಕೆ ಮಾತ್ರ ಬೇಡ. ಎಚ್61 ಚಿಪ್‌ಸೆಟ್‌ನಲ್ಲೇ ಯುಎಸ್‌ಬಿ 3.0 ಇಲ್ಲ, ಡಿಸ್ಕ್ ಜೋಡಿಸುವ ಸಾಟಾದ ವೇಗವೂ ಹಳೆಯದು. ರ‍್ಯಾಮ್ ಡಿಡಿಆರ್3, ನಾಳೆ ಹೊಸ ಬೋರ್ಡ್ ಕೊಂಡರೆ ಅದಕ್ಕೆ ಕೂರುವುದೇ ಇಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಇಂಟೆಲ್‌ನ ಎಂಟನೇ ಜನರೇಶನ್‌ನಿಂದ ಈಚೆಗೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೇಗೋ ಬಗ್ಗಿಸಿ 11 ಹಾಕಿಕೊಟ್ಟರೂ ವ್ಯಾಲೊರಂಟ್ ಆಟ ಅದರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಸುರಕ್ಷತಾ ಏರ್ಪಾಡುಗಳನ್ನೂ ಕೇಳುತ್ತದೆ, ಹಳೆಯ ಸೆಟ್‌ಗೆ ಅದು ಕಷ್ಟ. ಇನ್ನು ಕೆಲವು ಹೊಸ ಆಟಗಳಿಗೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಬೇಕು. ಮೂರನೇ ಜನರೇಶನ್ನಿನಲ್ಲಿ ಅದು ಇಲ್ಲ, ಆಟ ತೆರೆಯುವುದೇ ಇಲ್ಲ.

ಹೋದ ವರ್ಷ ಒಬ್ಬ ಡಿಪ್ಲೊಮಾ ಹುಡುಗ ಇಂಥದ್ದೇ ಸೆಟ್ ಹೊತ್ತು ತಂದ. ಟ್ಯೂಷನ್ ಹೇಳಿ ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಾನೆ, ಆದರೂ ಆಟ ತಡವರಿಸುತ್ತದೆ. ಕಾರ್ಡ್ ಡಿಫೆಕ್ಟ್ ಎಂದು ಅವನ ತೀರ್ಮಾನ. ನೋಡಿದರೆ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ, ಕಾರ್ಡ್ ಅರ್ಧದಷ್ಟೂ ದುಡಿಯುತ್ತಿಲ್ಲ. ಅದೇ ಕಾರ್ಡನ್ನು ಬಿಚ್ಚಿ ಮೇಜಿನ ಮೇಲಿದ್ದ 12100ಎಫ್ ಯಂತ್ರಕ್ಕೆ ಹಾಕಿಕೊಟ್ಟೆ. ಹುಡುಗ ಅರ್ಧ ಗಂಟೆ ಏಳಲಿಲ್ಲ. ಎದ್ದ ಮೇಲೆ ಕೇಳಿದ್ದು: "ಸೂಪರ್ ಸರ್. ಆದ್ರೆ ಇದು ಐ3 ಅಲ್ವಾ?"

ಏನು ಹೇಳಲಿ! ಟೀ ತರಿಸಿಕೊಟ್ಟು ಮತ್ತೆ ಮೊದಲಿನಿಂದ ಶುರುಮಾಡಿದೆ. ದರ್ಶಿನಿಯಲ್ಲಿ ಟೋಕನ್ ಹರಿಯುವವನು ಎಷ್ಟೇ ಚುರುಕಾಗಿರಲಿ, ಕಾವಲಿ ಒಂದೇ ಇದ್ದರೆ ದೋಸೆ ಕಾವಲಿಯ ಲೆಕ್ಕದಲ್ಲೇ ಬರುತ್ತದೆ. ಕಾವಲಿ ನಾಲ್ಕಿದ್ದು ಟೋಕನ್ನಿನವನು ತೂಕಡಿಸಿದರೂ ಗಿರಾಕಿ ಕಾಯಲೇಬೇಕು. ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ಬಿತ್ತು ಎಂದು ಲೆಕ್ಕ ಹಾಕಿಕೊಡುವುದು ಪ್ರೊಸೆಸರ್, ಅದನ್ನು ಚಿತ್ರ ಮಾಡುವುದು ಗ್ರಾಫಿಕ್ಸ್ ಕಾರ್ಡ್. ಕಡಿಮೆ ಬಜೆಟ್ಟಿನಲ್ಲಿ ಸಾಮಾನ್ಯವಾಗಿ ಸಾಲದೆ ಬರುವುದು ಕಾರ್ಡೇ. ಹಾಗಾಗಿ ನಾನು ಮೊದಲು ಕಾರ್ಡಿಗೆ ದುಡ್ಡು ತೆಗೆದಿಟ್ಟು, ಪ್ರೊಸೆಸರ್ ಮತ್ತು ಬೋರ್ಡ್ ಸೇರಿ ಅದರ ಬೆಲೆ ದಾಟದಂತೆ ನೋಡಿಕೊಳ್ಳುತ್ತೇನೆ. ಇದು ನನ್ನ ರೂಢಿ, ಶಾಸ್ತ್ರವಲ್ಲ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ ಮಾತ್ರ ಆಡುವವರು, ಅದೂ 144 ಹರ್ಟ್ಜ್ ಮಾನಿಟರ್ ಇಟ್ಟುಕೊಂಡವರು, ಪ್ರೊಸೆಸರ್ ಕಡೆಗೆ ಸ್ವಲ್ಪ ವಾಲಬಹುದು. ವಿಡಿಯೋ ಎಡಿಟಿಂಗೂ ಇದೆ ಎಂದರೆ ಲೆಕ್ಕ ಮತ್ತೆ ಬೇರೆ.

ಸದ್ಯಕ್ಕೆ ಈ ಬಜೆಟ್ಟಿನಲ್ಲಿ ನಾನು ಕೊಟೇಶನ್ ಬರೆಯುವುದು ಹೆಚ್ಚಾಗಿ ಐ3-12100ಎಫ್, ಐ5-12400ಎಫ್ ಅಥವಾ ಇಂಟೆಲ್‌ನ ಎದುರಾಳಿ ಎಎಂಡಿಯ ರೈಜನ್ 5 5600 ಇವುಗಳ ಸುತ್ತಲೇ. ಮಾಲು ಸಿಗುವುದು, ದರ ಏರಿಳಿಯುವುದು ವಾರವಾರಕ್ಕೂ ಬೇರೆ, ಅದರಲ್ಲೂ ರ‍್ಯಾಮ್ ದರ. ಆದ್ದರಿಂದ ರೂಪಾಯಿ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಮಾಡೆಲ್ ಕೊನೆಯ ಅಕ್ಷರವನ್ನೂ ಬಿಡದೆ ಓದಿ. ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಪರದೆ ಬೆಳಗುವುದಿಲ್ಲ. ಮೊದಲು ಪಿಸಿ, ಆರು ತಿಂಗಳು ಬಿಟ್ಟು ಕಾರ್ಡ್ ಎನ್ನುವವರಿಗೆ ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಆಗಬಹುದು. ಆದರೆ 5600 ಬೇರೆ, 5600ಜಿ ಬೇರೆ. ಜಿ ಇರುವುದರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, ಇಲ್ಲದ್ದರಲ್ಲಿ 32. ಕಾರ್ಡ್ ಬಂದ ದಿನ ಆ ವ್ಯತ್ಯಾಸ ಕಾಣುತ್ತದೆ. ಜಿ ತೆಗೆದುಕೊಂಡರೆ ರ‍್ಯಾಮ್ ಒಂದೇ ಕಡ್ಡಿ ಹಾಕಬೇಡಿ, ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ಬದುಕುವುದು ರ‍್ಯಾಮ್ ವೇಗದ ಮೇಲೆ.

ಬೋರ್ಡಿನ ವಿಷಯದಲ್ಲಿ ತಿಕ್ಕಲು ಉಲ್ಟಾ. ಯೂಟ್ಯೂಬ್ ನೋಡಿ ಬಂದವರು 12400ಎಫ್‌ಗೆ ಝಡ್790 ಬೋರ್ಡ್ ಕೇಳುತ್ತಾರೆ, 'ಮುಂದೆ ಅಪ್‌ಗ್ರೇಡ್‌ಗೆ ಇರಲಿ' ಅಂತ. ಝಡ್ ಬೋರ್ಡಿನ ಮುಖ್ಯ ಲಾಭ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವುದು, ಅಂದರೆ ನಿಗದಿಗಿಂತ ಜೋರಾಗಿ ಓಡಿಸುವುದು. 12400ಎಫ್‌ನಲ್ಲಿ ಕೆ ಇಲ್ಲ. ಮುಂದಿನದೋ? ಪ್ರೊಸೆಸರ್ ಕೂರುವ ಆ ಎಲ್‌ಜಿಎ1700 ಸಾಕೆಟ್ಟಿನ ಸಾಲು ಹದಿನಾಲ್ಕನೇ ಜನರೇಶನ್‌ಗೆ ನಿಂತಿತು, 2024ರಲ್ಲಿ ಎಲ್‌ಜಿಎ1851 ಬಂತು. ಸಾಕೆಟ್ ಉಳಿಯಬೇಕು ಎನ್ನುವವರು ಎಎಂಡಿಯ ಎಎಂ5 ಸಾಕೆಟ್ ನೋಡಲಿ, 2027 ದಾಟಿಯೂ ಬೆಂಬಲ ಕೊಡುತ್ತೇವೆ ಎಂದು ಕಂಪನಿಯೇ ಹೇಳಿದೆ. ಆದರೆ ಅಲ್ಲಿ ಡಿಡಿಆರ್5 ರ‍್ಯಾಮ್ ಮಾತ್ರ, ಒಟ್ಟು ಖರ್ಚು ಮೇಲೇರುತ್ತದೆ.

ತೀರಾ ಅಗ್ಗದ ಬೋರ್ಡಿಗೂ ಒಂದು ಮಿತಿ ಇದೆ. ಐ3ಗೆ, ಬಹಳಮಟ್ಟಿಗೆ 12400ಎಫ್‌ಗೂ ಅಗ್ಗದ ಎಚ್610 ಬೋರ್ಡ್ ಸಾಕು. ಅದೇ ಬೋರ್ಡಿಗೆ ಐ7-12700 ಕೂರಿಸಿ ಎಂದರೆ ನಾನು ಒಪ್ಪುವುದಿಲ್ಲ. ಪೆಟ್ಟಿಗೆಯ ಮೇಲೆ 65 ವಾಟ್ ಎಂದು ಇರುತ್ತದೆ, ಟರ್ಬೊದಲ್ಲಿ, ಅಂದರೆ ಜೋರಾಗಿ ಓಡುವಾಗ, 180ರವರೆಗೂ ಎಳೆಯುತ್ತದೆ. ಅಗ್ಗದ ಬೋರ್ಡಿನಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗ ಕಾದು, ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಐ7ಗೆ ಕೊಟ್ಟ ದುಡ್ಡು ಶಾಖವಾಗಿ ಹೋಯಿತು. ರೈಜನ್ 5600ಕ್ಕೆ ಬಿ450, ಬಿ550 ಯಾವ ಬೋರ್ಡಾದರೂ ಆಗುತ್ತದೆ. ಬಿ450ಯಲ್ಲಿ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹೊಸದಿದೆಯೇ ಎಂದು ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡ್ ಹಾಕುವುದಾದರೆ ಬಿ550ಯೇ ಇರಲಿ. ಆ ಕಾರ್ಡಿಗೆ ಇರುವುದು ನಾಲ್ಕೇ ಪಿಸಿಐಇ ಲೇನ್ (ಬೋರ್ಡಿಗೂ ಕಾರ್ಡಿಗೂ ನಡುವಿನ ಡೇಟಾ ದಾರಿ), ಬಿ450ಯ 3.0 ವೇಗದಲ್ಲಿ ಅದು ಸೊರಗುತ್ತದೆ.

ಈಗಾಗಲೇ ಕೊಂಡವರು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿದರೆ ಪ್ರೊಸೆಸರ್‌ನ ಪೂರ್ತಿ ಹೆಸರು ಕಾಣುತ್ತದೆ. ಕೊಳ್ಳಲು ಹೊರಟವರು ಬಿಲ್ಲಿನಲ್ಲಿ 'ಐ7 ಸಿಪಿಯು, 1 ಸೆಟ್' ಎಂದು ಬರೆಸಿಕೊಂಡು ಬರಬೇಡಿ. ಪ್ರೊಸೆಸರ್, ಬೋರ್ಡ್, ಕಾರ್ಡ್, ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಪ್ರತಿಯೊಂದಕ್ಕೂ ಪೂರ್ತಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬೇಕು, ಜಿಎಸ್‌ಟಿ ಬಿಲ್ಲೇ ಬೇಕು. ಬರೆದುಕೊಡಲು ಅಂಗಡಿಯವರು ಗೊಣಗಿದರೆ ಪಕ್ಕದ ಅಂಗಡಿಗೆ ಹೋಗಿ, ಎಸ್.ಪಿ. ರೋಡಿನಲ್ಲಿ ಅಂಗಡಿಗಳಿಗೇನು ಬರವೇ?